ಎನ್‌ಎಬಿಎಚ್‌ಗೆ ಆಸ್ಪತ್ರೆ ರೆಡಿ ಮಾಡೋದು ಅಂದ್ರೆ ಫೈಲ್ ರೆಡಿ ಮಾಡೋದಲ್ಲ

ನಮ್ಮದು 110 ಬೆಡ್ ಆಸ್ಪತ್ರೆ, ಬೆಂಗಳೂರಲ್ಲ, ಒಂದು ಜಿಲ್ಲಾ ಕೇಂದ್ರದಲ್ಲಿ. ಎನ್‌ಎಬಿಎಚ್, ಅಂದ್ರೆ ಆಸ್ಪತ್ರೆ ಕ್ವಾಲಿಟಿಗೆ ಕೊಡೋ ಸರ್ಟಿಫಿಕೇಟು, ಮಾಡ್ಸೋಣ ಅಂತ ಮೀಟಿಂಗ್‌ನಲ್ಲಿ ತೀರ್ಮಾನ ಆದ ಮಾರನೇ ದಿನ ಮೊದ್ಲು ಬಂದಿದ್ದು ಅರವತ್ತು ಬಾಕ್ಸ್ ಫೈಲು. ಅದಾದ್ಮೇಲೆ ಯಾರೋ ಬೇರೆ ಕಡೆಯಿಂದ ಪೆನ್‌ಡ್ರೈವ್‌ನಲ್ಲಿ ಎಸ್‌ಒಪಿಗಳನ್ನೆಲ್ಲ, ಅಂದ್ರೆ ಯಾವ ಕೆಲಸ ಹೇಗೆ ಮಾಡ್ಬೇಕು ಅನ್ನೋ ಬರಹಗಳನ್ನ, ತಂದ್ಕೊಟ್ರು, ಆಸ್ಪತ್ರೆ ಹೆಸರು ಬದಲಾಯಿಸಿ ಪ್ರಿಂಟ್ ಹೊಡೆದ್ವಿ, ಸ್ಪೈರಲ್ ಬೈಂಡಿಂಗೂ ಆಯ್ತು. ಎರಡು ತಿಂಗಳಾದ್ಮೇಲೆ ನಾನು ಕೂತು ಓದಿದ್ರೆ ಅದರಲ್ಲಿ ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್ ಯೂನಿಟ್ ಹೇಗೆ ಕ್ಲೀನ್ ಮಾಡ್ಬೇಕು ಅಂತ ನಾಲ್ಕು ಪುಟ ಇದೆ. ನಮ್ಮಲ್ಲಿ ಆಗ ಡಯಾಲಿಸಿಸ್ಸೇ ಇರ್ಲಿಲ್ಲ.

ನಾನು ವಾರ್ಡ್ ಸಿಸ್ಟರ್ ಆಗಿದ್ದು ಆಮೇಲೆ ಕ್ವಾಲಿಟಿ ಕಡೆ ಬಂದವಳು, ಸುಮಾರು ಜನ ಫೋನ್ ಮಾಡಿ "ಮೇಡಂ ಎಲ್ಲಿಂದ ಶುರು ಮಾಡೋದು" ಅಂತ ಕೇಳ್ತಿರ್ತಾರೆ, ಅದಕ್ಕೆ ಒಂದ್ಸಲ ಸರಿಯಾಗಿ ಬರೆದುಬಿಡೋಣ ಅಂತ.

ಮೊದ್ಲು ಇದೇನು ಅಂತ ಗೊತ್ತಿಲ್ಲದೋರಿಗೆ. ಕ್ವಾಲಿಟಿ ಕೌನ್ಸಿಲ್ ಆಫ್ ಇಂಡಿಯಾ ಅಂತ ಒಂದಿದೆ, ಅದರ ಕೆಳಗೆ 2005ರಲ್ಲಿ ಶುರುವಾದ ಬೋರ್ಡು ಎನ್‌ಎಬಿಎಚ್. ಇವರು ಆಸ್ಪತ್ರೆ ಹೇಗಿರ್ಬೇಕು ಅಂತ ಸ್ಟ್ಯಾಂಡರ್ಡ್ಸ್ ಪುಸ್ತಕ ಮಾಡಿದ್ದಾರೆ, ನಾವು ಅಪ್ಲೈ ಮಾಡಿದ್ರೆ ಹೊರಗಿನ ಅಸೆಸರ್‌ಗಳು ಬಂದು ಅದರ ಪ್ರಕಾರ ನಡೀತಿದ್ಯಾ ಅಂತ ನೋಡ್ತಾರೆ. ಸರ್ಕಾರಿ ಆಸ್ಪತ್ರೆಗಳಿಗೆ ಎನ್‌ಕ್ಯೂಎಎಸ್ ಅಂತ ಬೇರೆ ಇದೆ, ಕಾಯಕಲ್ಪ ಅಂತ 2015ರಿಂದ ಕ್ಲೀನ್‌ನೆಸ್‌ಗೆ ಪ್ರಶಸ್ತಿ ಇದೆ, ವಿದೇಶಿ ಪೇಷೆಂಟ್‌ಗಳು ಬರೋ ದೊಡ್ಡ ದೊಡ್ಡ ಕಾರ್ಪೊರೇಟ್‌ನೋರು ಜೆಸಿಐ ಅಂತ ಅಮೆರಿಕದ್ದು ಮಾಡಿಸ್ತಾರೆ. ಹೆಸರು ಬೇರೆ ಬೇರೆ, ಒಳಗಿನ ಸಾರ ಹೆಚ್ಚು ಕಮ್ಮಿ ಒಂದೇ.

ಮ್ಯಾನೇಜ್‌ಮೆಂಟ್‌ನೋರು ಇದನ್ನ ಯಾಕೆ ಮಾಡಿಸ್ತಾರೆ ಅಂದ್ರೆ ನೇರವಾಗೇ ಹೇಳ್ಬಿಡ್ತೀನಿ, ಬಹಳಷ್ಟು ಕಡೆ ದುಡ್ಡಿಗೆ. ಕೇಂದ್ರ ಸರ್ಕಾರಿ ನೌಕರರ ಆರೋಗ್ಯ ಯೋಜನೆ ಸಿಜಿಎಚ್‌ಎಸ್‌ನಲ್ಲಿ ಎನ್‌ಎಬಿಎಚ್ ಇಲ್ಲದ ಆಸ್ಪತ್ರೆಗೆ ರೇಟ್ 15% ಕಮ್ಮಿ, ಇನ್ಶೂರೆನ್ಸ್ ಕಂಪನಿಗಳೂ ಮೊದ್ಲು ಸರ್ಟಿಫಿಕೇಟ್ ಇದ್ಯಾ ಅಂತಾನೇ ಕೇಳೋದು. ಅದರಲ್ಲಿ ತಪ್ಪೇನಿಲ್ಲ. ಆದ್ರೆ ದುಡ್ಡಿಗೆ ಅಂತ ಶುರು ಮಾಡಿದವರು ಮಿನಿಸ್ಟರ್ ಬರ್ತಾರೆ ಅಂತ ಹಿಂದಿನ ರಾತ್ರಿ ರಸ್ತೆಗೆ ಡಾಂಬರು ಹಾಕ್ದಂಗೆ ಮಾಡ್ತಾರೆ, ಅಲ್ಲೇ ಎಡವೋದು.

ಪುಸ್ತಕದ ಲೆಕ್ಕ ಹೀಗಿದೆ. 10 ಚಾಪ್ಟರ್, 100 ಸ್ಟ್ಯಾಂಡರ್ಡು, ಒಂದೊಂದು ಸ್ಟ್ಯಾಂಡರ್ಡ್ ಕೆಳಗೆ ಆಬ್ಜೆಕ್ಟಿವ್ ಎಲಿಮೆಂಟ್ ಅಂತ ಸಣ್ಣ ಸಣ್ಣ ಅಂಶಗಳು. 2020ರ ಐದನೇ ಎಡಿಷನ್‌ನಲ್ಲಿ ಅಂಥವು 651 ಇದ್ವು, 2025ರಲ್ಲಿ ಆರನೇ ಎಡಿಷನ್ ಬಂದಿದೆ, ಹಾಗಾಗಿ ಹಳೇ ಜೆರಾಕ್ಸ್ ಇಟ್ಕೊಂಡು ತಯಾರಿ ಮಾಡ್ಬೇಡಿ. ಎಲ್ಲಾ ಅಂಶಕ್ಕೂ ಒಂದೇ ತೂಕ ಇಲ್ಲ. ಕೋರ್ ಅಂತ ನೂರರ ಆಸುಪಾಸು ಇರ್ತವೆ, ಇವು ಪೇಷೆಂಟ್ ಜೀವಕ್ಕೆ ನೇರವಾಗಿ ಸಂಬಂಧಪಟ್ಟವು, ಪ್ರತಿ ಅಸೆಸ್‌ಮೆಂಟ್‌ನಲ್ಲೂ ನೋಡೇ ನೋಡ್ತಾರೆ. ಜಾಸ್ತಿ ಇರೋದು ಕಮಿಟ್‌ಮೆಂಟ್ ಅನ್ನೋವು, ಉಳಿದವು ಅಚೀವ್‌ಮೆಂಟ್, ಎಕ್ಸಲೆನ್ಸ್, ಅವೆಲ್ಲ ಮುಂದಿನ ಹಂತಕ್ಕೆ. ನನ್ನ ಮಾತು ಕೇಳೋದಾದ್ರೆ ಮೊದಲ ತಿಂಗಳು ಕೋರ್ ಮಾತ್ರ ಹಿಡೀರಿ. 50 ಬೆಡ್ ವರೆಗಿನ ಸಣ್ಣ ಆಸ್ಪತ್ರೆಗಳಿಗೆ ಬೇರೆ ಪುಸ್ತಕವೇ ಇದೆ, ಎಂಟ್ರಿ ಲೆವೆಲ್ ಅಂತ ಇನ್ನೂ ಸರಳವಾದ್ದೂ ಇದೆ, ಅಲ್ಲಿಂದ ಹತ್ತೋದು ಅವಮಾನ ಏನಲ್ಲ.

ಈಗ ಮುಖ್ಯವಾದ್ದು. ಅಸೆಸರ್‌ಗಳು ಚಾಪ್ಟರ್ ಒಂದು, ಚಾಪ್ಟರ್ ಎರಡು ಅಂತ ಫೈಲ್ ಓದ್ಕೊಂಡು ಕೂರಲ್ಲ. ಒಂದು ಕೇಸ್ ಶೀಟ್ ಎತ್ಕೊಂಡು ಆ ಪೇಷೆಂಟ್ ಎಲ್ಲೆಲ್ಲಿ ಹೋಗಿದ್ರೋ ಅಲ್ಲೆಲ್ಲ ಅವರೂ ಹೋಗ್ತಾರೆ, ಅಲ್ಲಿದ್ದವರನ್ನೇ ಕೇಳ್ತಾರೆ. ಟ್ರೇಸರ್ ಅಂತಾರೆ ಇದಕ್ಕೆ. ಹಾಗಾಗಿ ತಯಾರಿನೂ ಹಾಗೇ ಮಾಡ್ಬೇಕು. ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರ್ಕೊಂಡು ಬಂದ, ಶುಗರ್ ಇರೋ ಒಬ್ಬರು ಅಜ್ಜಿನ ಇಟ್ಕೊಳ್ಳೋಣ.

ಕ್ಯಾಶುವಾಲ್ಟಿಗೆ ಬಂದ ಟೈಮೆಷ್ಟು, ಡಾಕ್ಟರ್ ನೋಡಿದ ಟೈಮೆಷ್ಟು, ಬರೆದಿದ್ದಾರಾ? ನಮ್ಮಲ್ಲಿ ಡೇಟ್ ಹಾಕ್ತಿದ್ರು, ಟೈಮ್ ಹಾಕ್ತಿರ್ಲಿಲ್ಲ, ಸೈನ್ ಇರ್ತಿತ್ತು, ಅದು ಯಾರ ಸೈನ್ ಅಂತ ಆ ದೇವರಿಗೂ ಗೊತ್ತಿರ್ತಿರ್ಲಿಲ್ಲ. ಹೆಸರು, ಸೈನ್, ಡೇಟ್, ಟೈಮ್ ಈ ನಾಲ್ಕನ್ನ ಡಾಕ್ಟರ್‌ಗಳ ಕೈಲಿ ಬರೆಸೋಕೆ ನಂಗೆ ಐದು ತಿಂಗಳು ಹಿಡೀತು, ಕೊನೆಗೆ ಹೆಸರು ಮತ್ತೆ ಕೆಎಂಸಿ (ಕರ್ನಾಟಕ ಮೆಡಿಕಲ್ ಕೌನ್ಸಿಲ್) ನಂಬರ್ ಇರೋ ಸೀಲ್ ಮಾಡಿಸಿ ಒಬ್ಬೊಬ್ಬರ ಏಪ್ರನ್ ಜೇಬಿಗೆ ಹಾಕಿದ್ಮೇಲೆ ಸರಿ ಹೋಯ್ತು.

ಅಡ್ಮಿಷನ್ ಆಯ್ತು, ವಾರ್ಡಿಗೆ ಬಂದ್ರು. ಅಜ್ಜಿ ಹೆಸರು ಲಕ್ಷ್ಮಮ್ಮ ಅಂತಿಟ್ಕೊಳ್ಳಿ. ನಮ್ಮ ಕಡೆ ಫೀಮೇಲ್ ವಾರ್ಡ್‌ನಲ್ಲಿ ಯಾವತ್ತೇ ನೋಡಿ, ಇಬ್ಬರು ಲಕ್ಷ್ಮಮ್ಮ, ಒಬ್ಬರು ಲಕ್ಷ್ಮೀದೇವಮ್ಮ ಇದ್ದೇ ಇರ್ತಾರೆ. ಸಿಸ್ಟರ್‌ಗಳು ಸುಲಭ ಅಂತ "ಹನ್ನೆರಡನೇ ಬೆಡ್‌ಗೆ ಇಂಜೆಕ್ಷನ್ ಹಾಕಿದ್ಯಾ" ಅಂತ ಕೇಳ್ಕೋತಾರೆ, ಆದ್ರೆ ಫ್ಯಾನ್ ಗಾಳಿ ಬರಲ್ಲ ಅಂತ ಹನ್ನೆರಡರೋರು ಹದಿನಾಲ್ಕಕ್ಕೆ ಹೋಗಿರ್ತಾರೆ. ಅದಕ್ಕೇ ಬೆಡ್ ನಂಬರ್ ಗುರುತಲ್ಲ ಅಂತ ನಿಯಮ. ಕೈಗೆ ಕಟ್ಟಿರೋ ಬ್ಯಾಂಡ್‌ನಲ್ಲಿ ಹೆಸರು ಮತ್ತೆ ಯುಎಚ್‌ಐಡಿ ನಂಬರ್ (ಆಸ್ಪತ್ರೆ ಒಬ್ಬೊಬ್ಬ ಪೇಷೆಂಟ್‌ಗೂ ಕೊಡೋ ನಂಬರ್) ಎರಡೂ ನೋಡ್ಬೇಕು, ಔಷಧಿ ಕೊಡೋಕೆ ಮುಂಚೆ, ಬ್ಲಡ್ ತೆಗೆಯೋಕೆ ಮುಂಚೆ, ಆಪರೇಷನ್ ಥಿಯೇಟರ್‌ಗೆ (ಓಟಿ) ಕಳ್ಸೋಕೆ ಮುಂಚೆ. ಇನ್ನೊಂದು, "ನೀವು ಲಕ್ಷ್ಮಮ್ಮ ಅಲ್ವಾ?" ಅಂತ ಕೇಳ್ಬಾರ್ದು, ನಿದ್ದೆಗಣ್ಣಲ್ಲಿರೋರು ಏನ್ ಕೇಳಿದ್ರೂ ಹೂಂ ಅಂತಾರೆ. "ನಿಮ್ಮ ಹೆಸರೇನು ಹೇಳಿ ಅಜ್ಜಿ" ಅಂತ ಅವರ ಬಾಯಿಂದಾನೇ ಬರಿಸ್ಬೇಕು.

ಆಮೇಲೆ ಕನ್ಸೆಂಟ್. ಇದರಲ್ಲಿ ನಾಚಿಕೆ ಆಗೋ ವಿಷ್ಯ ಏನಂದ್ರೆ ಇಂಗ್ಲಿಷ್ ಫಾರ್ಮ್, ಕೆಳಗೆ ಹೆಬ್ಬೆಟ್ಟು. ನಾವೂ ವರ್ಷಗಟ್ಟಲೆ ಹಾಗೇ ಮಾಡಿದ್ವಿ. ಪೇಷೆಂಟ್‌ಗೆ ಅರ್ಥ ಆಗೋ ಭಾಷೇಲಿ ಇರ್ಬೇಕು, ಆಪರೇಷನ್ ಏನು, ಅದರಿಂದ ಏನಾಗ್ಬಹುದು, ಮಾಡಿಸ್ದೇ ಇದ್ರೆ ಏನು, ಬೇರೆ ದಾರಿ ಇದ್ಯಾ, ಯಾರು ಮಾಡ್ತಾರೆ ಇಷ್ಟೂ ಹೇಳ್ಬೇಕು, ಹೇಳ್ಬೇಕಾದವರು ಆಪರೇಷನ್ ಮಾಡೋ ಟೀಮ್‌ನ ಡಾಕ್ಟರ್, ನೈಟ್ ಡ್ಯೂಟಿ ಸಿಸ್ಟರ್ ಅಲ್ಲ. ಅನಸ್ತೇಶಿಯಾಗೆ ಬೇರೆ, ರಕ್ತ ಕೊಡೋಕೆ ಬೇರೆ. ಕನ್ನಡ ಫಾರ್ಮ್ ಮಾಡುವಾಗ ಗೂಗಲ್‌ಗೆ ಹಾಕಿ ತೆಗೆದ್ರೆ ಅದು ಇಂಗ್ಲಿಷಿಗಿಂತ ಕಷ್ಟ, ನಾವು ಕೊನೆಗೆ ನಮ್ಮ ಬಿಲ್ಲಿಂಗ್ ಕೌಂಟರ್ ಹುಡುಗಿಗೆ ಓದಿಸಿ ಅವಳಿಗೆ ಎಲ್ಲಿ ಅರ್ಥ ಆಗ್ಲಿಲ್ವೋ ಅಲ್ಲೆಲ್ಲ ತಿದ್ದಿದ್ವಿ.

ಔಷಧಿ ವಿಷ್ಯಕ್ಕೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ತೀನಿ, ಯಾಕಂದ್ರೆ ಜೀವ ಹೋಗೋದು ಇಲ್ಲೇ. ಅಜ್ಜಿಗೆ ಶುಗರ್ ಇದೆ ಅಂದ್ವಲ್ಲ. ನಮ್ಮ ದೇಶದಲ್ಲಿ ಇನ್ಸುಲಿನ್ ಬಾಟಲಿ ಎರಡು ಥರ ಬರತ್ತೆ, ಒಂದು ಎಂಎಲ್‌ಗೆ 40 ಯೂನಿಟ್ ಇರೋದು, 100 ಯೂನಿಟ್ ಇರೋದು. ಸಿರಿಂಜೂ ಬೇರೆ ಬೇರೆ, 40ರದ್ದಕ್ಕೆ ಕೆಂಪು ಕ್ಯಾಪು, 100ರದ್ದಕ್ಕೆ ಆರೆಂಜ್ ಕ್ಯಾಪು. 100ರ ಬಾಟಲಿಯಿಂದ ಕೆಂಪು ಕ್ಯಾಪ್ ಸಿರಿಂಜ್‌ಗೆ 10ರ ಗೆರೆವರೆಗೆ ಎಳೆದ್ರೆ ಹೋಗೋದು 10 ಯೂನಿಟ್ ಅಲ್ಲ, 25. ಎರಡೂವರೆ ಪಟ್ಟು. ರಾತ್ರಿ ಎರಡು ಗಂಟೇಲಿ ಒಬ್ಬಳೇ ಸಿಸ್ಟರ್ ಮೂವತ್ತು ಪೇಷೆಂಟ್ ನೋಡ್ತಿರೋವಾಗ ಈ ತಪ್ಪು ಆಗಲ್ಲ ಅಂತ ಯಾರಾದ್ರೂ ಎದೆ ತಟ್ಟಿ ಹೇಳ್ತಾರಾ? ಅದಕ್ಕೆ ಇನ್ಸುಲಿನ್, ಹೆಪಾರಿನ್, ಪೊಟ್ಯಾಷಿಯಂ ಕ್ಲೋರೈಡ್ ಇಂಥವನ್ನ ಹೈ ಅಲರ್ಟ್ ಡ್ರಗ್ಸ್ ಅಂತ ಪಟ್ಟಿ ಮಾಡಿ, ಬೇರೆ ಇಟ್ಟು, ಲೇಬಲ್ ಹಾಕಿ, ಕೊಡೋಕೆ ಮುಂಚೆ ಇಬ್ಬರು ನೋಡ್ಬೇಕು ಅನ್ನೋದು.

ಪೊಟ್ಯಾಷಿಯಂ ಕ್ಲೋರೈಡ್ ನೋಡಿದ್ದೀರಲ್ಲ, 10 ಎಂಎಲ್ ಆಂಪ್ಯೂಲು, ಡಿಸ್ಟಿಲ್ಡ್ ವಾಟರ್ ಆಂಪ್ಯೂಲ್ ಪಕ್ಕ ಇಟ್ರೆ ಎರಡೂ ಒಂದೇ ಥರ ಬಿಳೀದು. ನೀರು ಅಂದ್ಕೊಂಡು ಡೈಲ್ಯೂಟ್ ಮಾಡ್ದೆ ನೇರವಾಗಿ ನರಕ್ಕೆ ತಳ್ಳಿದ್ರೆ ಹಾರ್ಟ್ ಅಲ್ಲೇ ನಿಲ್ಲತ್ತೆ. ನಾನು ಮೊದಲ ರೌಂಡ್ ಹೋದಾಗ ನಮ್ಮದೇ ಜನರಲ್ ವಾರ್ಡ್‌ನ ಇಂಜೆಕ್ಷನ್ ಟ್ರೇನಲ್ಲಿ ಎರಡೂ ಒಟ್ಟಿಗೆ ಬಿದ್ದಿದ್ವು. ಅವತ್ತೇ ಎಲ್ಲಾ ವಾರ್ಡಿಂದ ತೆಗೆಸಿ ಐಸಿಯುನಲ್ಲಿ ಬೀಗದೊಳಗೆ ಇಡಿಸ್ದೆ. ಇದಕ್ಕೆ ಯಾವ ಕನ್ಸಲ್ಟೆಂಟೂ ಬೇಡ, ಅರ್ಧ ಗಂಟೆ ಕೆಲಸ.

ಫೋನ್ ಆರ್ಡರ್ ಇನ್ನೊಂದು ತಲೆನೋವು. ಡಾಕ್ಟರ್ ಮನೆಯಿಂದ ಹೇಳಿದ್ದನ್ನ ಸಿಸ್ಟರ್ ಬರ್ಕೊಂಡು ವಾಪಸ್ ಓದಿ ಹೇಳ್ಬೇಕು, ಅವರು ಹೌದು ಅನ್ಬೇಕು, ಬಂದ್ಮೇಲೆ ಸೈನ್ ಹಾಕ್ಬೇಕು. ಮೊದಮೊದಲು ನಮ್ಮ ಸೀನಿಯರ್ ಸರ್ ಒಬ್ಬರು "ಏನಮ್ಮಾ ನಂಗೇ ಪಾಠ ಹೇಳ್ತೀಯಾ" ಅಂತ ಫೋನಿಟ್ಟಿದ್ರು. ಆಮೇಲೊಂದಿನ ಅವರು ಹೇಳಿದ್ದು ಹದಿನೈದು, ಸಿಸ್ಟರ್ ಓದಿದ್ದು ಐವತ್ತು. ಅವತ್ತಿಂದ ಓದಮ್ಮ ಅಂತ ಅವರೇ ಕೇಳ್ತಾರೆ.

ಇನ್ನು ಓಟಿ. ಡಬ್ಲ್ಯುಎಚ್‌ಒದವರು ಸರ್ಜರಿ ಸೇಫ್ಟಿಗೆ 19 ಅಂಶದ ಒಂದು ಪುಟದ ಚೆಕ್‌ಲಿಸ್ಟ್ ಮಾಡಿದ್ರು, ಅನಸ್ತೇಶಿಯಾಗೆ ಮುಂಚೆ ಒಂದ್ಸಲ, ಚಾಕು ಇಡೋಕೆ ಮುಂಚೆ ಒಂದ್ಸಲ, ಪೇಷೆಂಟ್ ಓಟಿಯಿಂದ ಆಚೆ ಹೋಗೋಕೆ ಮುಂಚೆ ಒಂದ್ಸಲ ನಿಂತು ಜೋರಾಗಿ ಓದೋದು. ಎಂಟು ಊರಿನ ಎಂಟು ಆಸ್ಪತ್ರೇಲಿ, ಅದರಲ್ಲಿ ದೆಹಲಿದೂ ಒಂದು, ಟ್ರೈ ಮಾಡಿ 2009ರಲ್ಲಿ ರಿಸಲ್ಟ್ ಹಾಕಿದ್ರು, ಸಾವು 1.5% ಇದ್ದದ್ದು 0.8%ಗೆ ಇಳಿದಿತ್ತು, ಕಾಂಪ್ಲಿಕೇಷನ್ 11% ಇಂದ 7%ಗೆ. ಬರೀ ಒಂದು ಹಾಳೆ! ಆದ್ರೆ ನಮ್ಮಲ್ಲಿ ಏನಾಗ್ತಿತ್ತು ಅಂದ್ರೆ ಬೆಳಿಗ್ಗೇನೇ ಐದು ಕೇಸಿನ ಚೆಕ್‌ಲಿಸ್ಟೂ ಟಿಕ್ ಆಗಿ ಕೂತಿರ್ತಿತ್ತು, ನಾಲ್ಕನೇ ಪೇಷೆಂಟ್ ಇನ್ನೂ ವಾರ್ಡಲ್ಲಿ ಕಾಫಿ ಬೇಕು ಅಂತ ಜಗಳ ಆಡ್ತಿರ್ತಾರೆ. ಅಸೆಸರ್ ಹಾಳೆ ನೋಡಲ್ಲ, ಓಟಿ ಬಾಗಿಲಲ್ಲಿ ನಿಂತ್ಕೊಂಡು ಟೈಮ್ ಔಟ್, ಅಂದ್ರೆ ಚಾಕು ಇಡೋಕೆ ಮುಂಚಿನ ಆ ಓದು, ಹೇಳಿದ್ರಾ ಅಂತ ಕಿವಿಲಿ ಕೇಳ್ತಾರೆ. ಸೊಂಟ ಎಡದ್ದೋ ಬಲದ್ದೋ ಅಂತ ಚರ್ಮದ ಮೇಲೆ ಮಾರ್ಕ್ ಇದ್ಯಾ ನೋಡ್ತಾರೆ.

ಅಜ್ಜಿಗೆ ಇಂಪ್ಲಾಂಟ್ ಹಾಕಿದ್ರೆ ಅದರ ಸ್ಟಿಕ್ಕರ್ ಕೇಸ್ ಶೀಟಿಗೆ ಅಂಟಿಸ್ಬೇಕು, ಬ್ಯಾಚ್ ನಂಬರ್ ಸಮೇತ. ಯಾಕಿಷ್ಟು ಅಂತ ಕೇಳೋರಿಗೆ ನಾನು ಬಳ್ಳಾರಿ ನೆನಪು ಮಾಡ್ತೀನಿ, 2024ರ ನವೆಂಬರ್‌ನಲ್ಲಿ ಬಾಣಂತಿಯರು ಒಬ್ಬರಾದ ಮೇಲೊಬ್ಬರು ತೀರಿಹೋದಾಗ ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಮೇಲೆ ಅನುಮಾನ ಬಂತು. ಅಂಥ ದಿನ ನಮಗೊಂದು ಫೋನ್ ಬಂದು ಇಂಥ ಬ್ಯಾಚ್ ನಿಲ್ಸಿ ಅಂದ್ರೆ ಎಷ್ಟು ಬಾಟಲಿ ಯಾವ ವಾರ್ಡಲ್ಲಿದೆ, ಯಾರಿಗೆ ಹಾಕಿ ಆಗಿದೆ ಅಂತ ಹೇಳೋಕೆ ಎಷ್ಟು ಹೊತ್ತು ಬೇಕು? ನಾವು ಒಂದ್ಸಲ ಸುಮ್ನೆ ಪರೀಕ್ಷೆ ಮಾಡಿ ನೋಡಿದ್ವಿ, ಮೊದಲ ಸಲ ಒಂದೂವರೆ ದಿನ ಆಯ್ತು.

ಇನ್ಫೆಕ್ಷನ್ ಕಂಟ್ರೋಲ್ ಬಗ್ಗೆ ಎಲ್ಲರೂ ಹೇಳೋದೇ, ಕೈ ತೊಳೀರಿ. ಕೈಗೆ ಉಜ್ಜೋ ಆಲ್ಕೋಹಾಲ್ ರಬ್ ಆದ್ರೆ 20-30 ಸೆಕೆಂಡು, ಸೋಪು ನೀರಾದ್ರೆ 40-60 ಸೆಕೆಂಡು, ಯಾವಾಗ ಮಾಡ್ಬೇಕು ಅಂತ ಐದು ಸಂದರ್ಭ. ಗೋಡೆಗೆ ಪೋಸ್ಟರ್ ಅಂಟಿಸೋದು ಸುಲಭ, ಆದ್ರೆ ಬೆಡ್ ಹತ್ರ ರಬ್ ಬಾಟಲಿನೇ ಇಲ್ದಿದ್ರೆ, ಇದ್ರೂ ಖಾಲಿ ಇದ್ರೆ, ಪೋಸ್ಟರ್ ನೋಡ್ಕೊಂಡು ಏನ್ ಮಾಡ್ಬೇಕು. ನಾನು ತಿಂಗಳಿಗೆ ಎಷ್ಟು ಲೀಟರ್ ರಬ್ ಖರ್ಚಾಗಿದೆ ಅಂತ ಸ್ಟೋರ್‌ನಿಂದ ಲೆಕ್ಕ ತಗೋತೀನಿ, ಅದು ಯಾವ ಆಡಿಟ್ ಶೀಟಿಗಿಂತ ನಿಜ ಹೇಳತ್ತೆ.

ಕಸದ ವಿಷ್ಯ 2016ರ ನಿಯಮದ ಪ್ರಕಾರ, ಹಳದಿಗೆ ರಕ್ತ ಅಂಟಿದ ಹತ್ತಿ ಬ್ಯಾಂಡೇಜು ಮತ್ತೆ ದೇಹದ ಭಾಗಗಳು, ಕೆಂಪಿಗೆ ಡ್ರಿಪ್ ಸೆಟ್ಟು, ಕ್ಯಾತಿಟರ್ ಟ್ಯೂಬು, ಗ್ಲೌಸ್ ಥರ ಪ್ಲಾಸ್ಟಿಕ್, ಬಿಳಿ ಡಬ್ಬಿಗೆ ಸೂಜಿ ಬ್ಲೇಡು, ನೀಲಿಗೆ ಗಾಜು. 48 ಗಂಟೆಗಿಂತ ಜಾಸ್ತಿ ಇಟ್ಕೋಬಾರ್ದು. ಇದನ್ನ ಅಸೆಸರ್ ಮೆಡಿಕಲ್ ಡೈರೆಕ್ಟರ್‌ನ ಕೇಳಲ್ಲ, ಕಸ ಎತ್ತೋ ಆಯಾನ ಕೇಳ್ತಾರೆ. ನಮ್ಮ ಒಬ್ಬರು ಆಯಾ, ಓದು ಬರಹ ಬರಲ್ಲ ಅವರಿಗೆ, ಅಸೆಸರ್ ಒಂದೊಂದೇ ಐಟಂ ಎತ್ತಿ ತೋರಿಸ್ತಿದ್ರೆ ಪಟಪಟ ಅಂತ ಬಕೆಟ್ ತೋರಿಸಿ, ಕೊನೆಗೆ "ಸಾರ್, ನಿಮ್ಮ ಕೈಲಿರೋ ಮಾಸ್ಕ್ ಹಳದಿಗೆ ಹಾಕಿ" ಅಂದ್ರು. ಅದೇ ದಿನ ಒಬ್ಬ ಡ್ಯೂಟಿ ಡಾಕ್ಟರ್‌ಗೆ ಸೂಜಿ ಚುಚ್ಚಿದ್ರೆ ಯಾರಿಗೆ ಹೇಳ್ಬೇಕು ಅಂತ ಕೇಳಿದ್ದಕ್ಕೆ ಗೊತ್ತಾಗ್ದೆ ನನ್ನ ಮುಖ ನೋಡಿದ್ರು.

ಪೇಷೆಂಟ್ ಹಿಂದೆ ಹೋದ್ರೆ ಕಾಣದೇ ಇರೋದೂ ಕೆಲವಿವೆ. ಲೈಸೆನ್ಸ್‌ಗಳು. ಖಾಸಗಿ ಆಸ್ಪತ್ರೆ ನಡೆಸೋಕೆ ಕೆಪಿಎಂಇ, ಪೊಲ್ಯೂಷನ್ ಬೋರ್ಡ್‌ದು, ಫೈರ್‌ದು, ಎಕ್ಸ್‌ರೇ ಸಿಟಿಗೆ ಎಇಆರ್‌ಬಿ, ಸ್ಕ್ಯಾನಿಂಗ್‌ಗೆ ಪಿಸಿಪಿಎನ್‌ಡಿಟಿ, ಫಾರ್ಮಸಿಗೆ ಡ್ರಗ್ ಲೈಸೆನ್ಸ್, ಲಿಫ್ಟಿಗೂ ಲೈಸೆನ್ಸ್. ಇವುಗಳ ಎಕ್ಸ್‌ಪೈರಿ ಡೇಟನ್ನ ಒಂದು ಹಾಳೇಲಿ ಬರೆದು ಗೋಡೆಗೆ ಹಾಕಿ, ಇದನ್ನೇ ಮೊದಲನೇ ವಾರ ಮಾಡಿ, ಯಾಕಂದ್ರೆ ಬೇರೆ ಎಲ್ಲ ನಿಮ್ಮ ಕೈಲಿದೆ, ಇದು ಸರ್ಕಾರಿ ಆಫೀಸಿನ ಕೈಲಿದೆ. ಜೊತೆಗೆ ಸ್ಟಾಫ್ ಫೈಲು, ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಷನ್ ರಿನ್ಯೂ ಆಗಿದ್ಯಾ, ಯಾವ ಸರ್ಜನ್‌ಗೆ ಯಾವ ಆಪರೇಷನ್ ಮಾಡೋ ಅನುಮತಿ ಇದೆ ಅಂತ ಲಿಖಿತವಾಗಿ ಕೊಟ್ಟಿದ್ದೀರಾ.

ಫೈರ್ ವಿಷ್ಯದಲ್ಲಿ ನಾನು ಸ್ವಲ್ಪ ಹಠಮಾರಿ. ಕೋಲ್ಕತಾದ ಎಎಂಆರ್‌ಐನಲ್ಲಿ 2011ರ ಡಿಸೆಂಬರ್ 9ಕ್ಕೆ ಬೆಂಕಿ ಬಿದ್ದು ತೊಂಬತ್ತರಷ್ಟು ಜನ ಹೋದ್ರು, ಬೆಂಕಿ ಶುರುವಾಗಿದ್ದು ಸಾಮಾನು ತುಂಬಿದ್ದ ಬೇಸ್‌ಮೆಂಟ್‌ನಲ್ಲಿ, ಬಹಳ ಜನರ ಜೀವ ತೆಗೆದಿದ್ದು ಮೇಲಕ್ಕೆ ಹತ್ತಿದ ಹೊಗೆ. ಈಗ ನಿಮ್ಮ ಆಸ್ಪತ್ರೆ ಹಿಂದಿನ ಮೆಟ್ಟಿಲ ಹತ್ರ ಒಂದ್ಸಲ ಹೋಗಿ ನೋಡಿ. ಮುರಿದ ವೀಲ್‌ಚೇರು, ಹಳೇ ಹಾಸಿಗೆ, ಮೆಡಿಕಲ್ ರೆಕಾರ್ಡ್ ವಿಭಾಗದ ಹಳೇ ಫೈಲ್ ಮೂಟೆ ಇಲ್ಲ ಅಂದ್ರೆ ನನ್ನ ಹೆಸರು ಬದಲಾಯಿಸಿ. ನಮ್ಮಲ್ಲಿ ಎಕ್ಸಿಟ್ ಬಾಗಿಲಿಗೆ ಬೀಗ, ಕೀಲಿ ಸೆಕ್ಯುರಿಟಿ ಅಣ್ಣನ ಸೊಂಟದಲ್ಲಿ, ಅಣ್ಣ ಟೀ ಕುಡಿಯೋಕೆ ಹೋಗಿದ್ರು. ಮಾಕ್ ಡ್ರಿಲ್ ಅಂದ್ರೆ ಬ್ಯಾನರ್ ಹಿಡ್ಕೊಂಡು ಫೋಟೋ ತೆಗೆಸೋದಲ್ಲ, ವೆಂಟಿಲೇಟರ್ ಪೇಷೆಂಟನ್ನ ಲಿಫ್ಟ್ ಇಲ್ಲದೆ ಎರಡನೇ ಮಹಡಿಯಿಂದ ಹೇಗೆ ಇಳಿಸ್ತೀರಿ ಅಂತ ಮಾಡಿ ನೋಡೋದು. ಆಕ್ಸಿಜನ್ ಲೈನ್ ನಿಲ್ಲಿಸೋ ವಾಲ್ವ್ ಎಲ್ಲಿದೆ, ಯಾರು ಆಫ್ ಮಾಡ್ಬೇಕು, ಬ್ಯಾಕಪ್ ಸಿಲಿಂಡರ್ ಎಷ್ಟು ಗಂಟೆ ಬರತ್ತೆ, ಇದನ್ನ ರಾತ್ರಿ ಶಿಫ್ಟಿನವರೂ ಹೇಳ್ಬೇಕು. 2021ರ ಮೇನಲ್ಲಿ ಚಾಮರಾಜನಗರದಲ್ಲಿ ಆಕ್ಸಿಜನ್ ಸಾಲದೆ ಪೇಷೆಂಟ್‌ಗಳು ತೀರಿಹೋಗಿದ್ದನ್ನ ನೋಡಿದ್ಮೇಲೂ ಯಾರಾದ್ರೂ ಆಕ್ಸಿಜನ್ ಲೆಕ್ಕ ಬರೆಯೋದು ಪೇಪರ್ ವರ್ಕ್ ಅಂದ್ರೆ ನಂಗೆ ಸಿಟ್ಟು ಬರತ್ತೆ.

ಇಂಡಿಕೇಟರ್, ಅಂದ್ರೆ ಕ್ವಾಲಿಟಿ ಹೇಗಿದೆ ಅಂತ ತಿಂಗಳು ತಿಂಗಳು ಹಾಕೋ ಅಂಕಿ, ಇದಕ್ಕೆ ತುಂಬ ಜನ ಹೆದರ್ತಾರೆ. ಅದು ಹೈಸ್ಕೂಲ್ ಲೆಕ್ಕ ಅಷ್ಟೇ. ದಿನಕ್ಕೆ ಸರಾಸರಿ 80 ಪೇಷೆಂಟ್ ಇದ್ರೆ 30 ದಿನಕ್ಕೆ 2400 ಪೇಷೆಂಟ್ ಡೇಸ್, ಆ ತಿಂಗಳು ಇಬ್ಬರು ಬಿದ್ದಿದ್ರೆ 2 ಭಾಗಿಸು 2400 ಗುಣಿಸು 1000, ಅಂದ್ರೆ ಸಾವಿರ ಪೇಷೆಂಟ್ ಡೇಸ್‌ಗೆ 0.83. ಕ್ಯಾತಿಟರ್ ಇನ್ಫೆಕ್ಷನ್‌ಗೂ ಹೀಗೇ, ಆದ್ರೆ ಕೆಳಗೆ ಬರೋದು ಪೇಷೆಂಟ್ ಡೇಸ್ ಅಲ್ಲ, ಕ್ಯಾತಿಟರ್ ಹಾಕಿದ್ದ ದಿನಗಳು, ಇಲ್ಲಿ ಎಲ್ಲರೂ ತಪ್ಪು ಮಾಡ್ತಾರೆ. ಕಷ್ಟ ಲೆಕ್ಕದ್ದಲ್ಲ, ಸತ್ಯದ್ದು. ನಮ್ಮಲ್ಲಿ ಮೊದಲ ಆರು ತಿಂಗಳು ಬಿದ್ದವರು ಸೊನ್ನೆ, ಔಷಧಿ ತಪ್ಪು ಸೊನ್ನೆ. 110 ಬೆಡ್‌ನಲ್ಲಿ ಆರು ತಿಂಗಳು ಯಾರೂ ಜಾರೇ ಇಲ್ವಾ? ಬರೆದವರಿಗೆ ಮೆಮೊ ಕೊಡ್ತಿದ್ರೆ ಯಾರು ಬರೀತಾರೆ ಹೇಳಿ. ಮೆಮೊ ನಿಲ್ಲಿಸಿ, ಹೆಸರು ಹಾಕೋದು ಬೇಡ ಅಂದ್ವಿ, ಮುಂದಿನ ತಿಂಗಳು ಹನ್ನೊಂದು ರಿಪೋರ್ಟ್ ಬಂತು. ಎಂಡಿ ಸರ್ ಗಾಬರಿ ಆಗಿ "ಇದೇನ್ರೀ ಕ್ವಾಲಿಟಿ ಮಾಡೋಕೆ ಹೋಗಿ ಜಾಸ್ತಿ ಆಗ್ತಿದ್ಯಲ್ಲ" ಅಂದ್ರು. ಜಾಸ್ತಿ ಆಗಿದ್ದಲ್ಲ ಸರ್, ಈಗ ಕಾಣ್ತಿದೆ ಅಂದೆ.

ಹಾಗೇ ಫ್ರಿಡ್ಜ್ ಚಾರ್ಟು. ಔಷಧಿ ಫ್ರಿಡ್ಜ್ 2ರಿಂದ 8 ಡಿಗ್ರಿ ಒಳಗಿರ್ಬೇಕು, ಶಿಫ್ಟಿಗೊಂದ್ಸಲ ಬರೀಬೇಕು. ಒಂದಿನ ಬೆಳಿಗ್ಗೆ ಹನ್ನೊಂದಕ್ಕೆ ಹೋದ್ರೆ ಅವತ್ತು ರಾತ್ರಿ ಎಂಟರ ರೀಡಿಂಗೂ 4 ಡಿಗ್ರಿ ಅಂತ ಬರೆದಾಗಿತ್ತು, ಅದೇ ಪೆನ್ನು, ಅದೇ ಕೈ, ತಿಂಗಳಿಡೀ 4. ಹಿಂದಿನ ವಾರ ಮೂರು ಗಂಟೆ ಕರೆಂಟ್ ಹೋಗಿತ್ತು, ಯುಪಿಎಸ್ ಅದಕ್ಕಿರ್ಲಿಲ್ಲ.

ಟೈಮ್ ಎಷ್ಟು ಬೇಕು ಅಂತ ಕೇಳಿದ್ರೆ, ಗಂಭೀರವಾಗಿ ಮಾಡಿದ್ರೆ ಎಂಟರಿಂದ ಹನ್ನೆರಡು ತಿಂಗಳು ನನ್ನ ಲೆಕ್ಕ. ಮೊದಲ ತಿಂಗಳು ಇರೋ ಸ್ಥಿತಿ ಇದ್ದಂಗೆ ನೋಡೋದು, ಆಮೇಲೆ ಎಸ್‌ಒಪಿ ಬರೆಯೋದು. ಬರೆಯೋವಾಗ ಆ ಕೆಲಸ ಮಾಡೋರನ್ನೇ ಕೂರಿಸ್ಕೊಳ್ಳಿ, ಇನ್ಫೆಕ್ಷನ್, ಔಷಧಿ, ಸೇಫ್ಟಿ ಕಮಿಟಿಗಳೂ ಹೆಸರಿಗಲ್ಲ. ಟ್ರೇನಿಂಗ್ ಒಂದೇ ಸಲ ಆಡಿಟೋರಿಯಂನಲ್ಲಿ ಮಾಡಿದ್ರೆ ಊಟ ಆದ್ಮೇಲೆ ಎಲ್ಲ ನಿದ್ದೆ, ನಾನು ಹ್ಯಾಂಡೋವರ್ ಟೈಮಲ್ಲಿ ವಾರ್ಡಲ್ಲೇ ದಿನಕ್ಕೆ ಹತ್ತು ನಿಮಿಷ ಒಂದೇ ವಿಷ್ಯ ಹೇಳ್ತಿದ್ದೆ. ಅದು ಅವರ ತಲೇಲಿ ನಿಂತಿದೆ, ಪಿಪಿಟಿಗಳು ನಿಂತಿಲ್ಲ. ಇಷ್ಟಾಗಿ ನಾಲ್ಕು ತಿಂಗಳ ರೆಕಾರ್ಡ್ ಕೈಲಿದೆ ಅಂದಾಗ ನಾವೇ ಸ್ಕೋರ್ ಹಾಕ್ಕೊಂಡು ಅಪ್ಲೈ ಮಾಡೋದು.

ಅಸೆಸ್‌ಮೆಂಟ್ ದಿನ ಸ್ಟಾಫ್‌ಗೆ ನಾನು ಹೇಳೋದು ಎರಡೇ. ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನಿ, ಯಾರನ್ನ ಕೇಳ್ತೀನಿ ಅಂತ ಹೇಳಿ, ಕತೆ ಕಟ್ಬೇಡಿ. ಮತ್ತೆ ಪೇಷೆಂಟ್ ಕರೆದ್ರೆ ಅಸೆಸರ್‌ನ ಬಿಟ್ಟು ಪೇಷೆಂಟ್ ಹತ್ರ ಹೋಗಿ.

ಕೊನೇಲಿ ಎನ್‌ಸಿ ಪಟ್ಟಿ ಕೊಡ್ತಾರೆ, ನಾನ್ ಕನ್ಫಾರ್ಮಿಟಿ, ಅಂದ್ರೆ ಸರಿ ಇಲ್ಲದ್ದು. ಸೊನ್ನೆ ಬರ್ಬೇಕು ಅಂತ ಆಸೆ ಇಟ್ಕೋಬೇಡಿ. ಉತ್ತರ ಬರೆಯೋವಾಗ ಎಲ್ಲದಕ್ಕೂ "ಸಿಬ್ಬಂದಿಗೆ ತರಬೇತಿ ನೀಡಲಾಗಿದೆ" ಅಂತ ಒಂದೇ ಸಾಲು ಬರೀತಾರೆ ಬಹಳ ಜನ, ಅದು ವಾಪಸ್ ಬರತ್ತೆ. ಯಾಕಾಯ್ತು, ಏನು ಬದಲಾಯಿಸಿದ್ರಿ, ಬದಲಾಯಿಸಿದ್ಮೇಲೆ ಸರಿಹೋಗಿದೆ ಅನ್ನೋದಕ್ಕೆ ಏನಿದೆ, ಮೂರೂ ಬೇಕು. ನಮಗೆ ಬಂದ ಒಂದು ಎನ್‌ಸಿ ಹೇಳ್ತೀನಿ, ಆಕ್ಸಿಜನ್ ಸಿಲಿಂಡರ್‌ಗೆ ಚೈನ್ ಕಟ್ಟಿಲ್ಲ. ಚೈನ್ ಇತ್ತು. ವಾರ್ಡ್ ಬಾಯ್‌ನ ಕೇಳಿದ್ರೆ, ಸಿಲಿಂಡರ್ ಬದಲಾಯಿಸೋವಾಗ ಒಂದೇ ಕೈಲಿ ಆ ಕೊಂಡಿ ಬಿಚ್ಚೋಕಾಗಲ್ಲ ಮೇಡಂ, ಇನ್ನೊಂದು ಕೈಲಿ ಸಿಲಿಂಡರ್ ಹಿಡ್ಕೊಂಡಿರ್ಬೇಕಲ್ಲ ಅಂದ. ಕೊಂಡಿ ಬದಲಾಯಿಸಿ ಒಂದೇ ಕೈಲಿ ಹಾಕೋ ಥರದ್ದು ತಂದ್ವಿ, ಅವನೇ ಹಾರ್ಡ್‌ವೇರ್ ಅಂಗಡಿಗೆ ಬಂದು ಆರಿಸಿದ್ದು, ಮೂವತ್ತೈದು ರೂಪಾಯಿ.